ನೂಲ ಹುಣ್ಣಿಮೆಯ ಮೂರನೇ ದಿನ

ಮರಾಠಿ ಸೀಮೆಯ ಹಡಪಸರದ ಭಾಜಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಹಳೆಯ ದಿನದ ಬಗ್ಗೆ ತಕರಾರು ಬಂದರೆ ಜನ ಶಿವಗಂಗವ್ವನ ಕಡೆ ಬರುತ್ತಿದ್ದರು. ಯಾರ ಮಗ ಯಾವ ಅಮಾವಾಸ್ಯೆಗೆ ಹುಟ್ಟಿದ, ಯಾರ ಅತ್ತೆ ಯಾವ ವಾರ ತೀರಿಕೊಂಡಳು, ನಳದ ನೀರು ಎಷ್ಟು ದಿನ ಬಂದಿರಲಿಲ್ಲ, ಎಲ್ಲ ಆಕೆಯ ಬಾಯಲ್ಲೇ ಇರುತ್ತಿತ್ತು. "ಶಿವಗಂಗವ್ವಗ ಕೇಳ್ರಿ" ಅಂದರೆ ಅಲ್ಲಿಗೆ ಮಾತು ಮುಗಿಯಿತು.

ಓದು ಬರಹ ಅಷ್ಟಕ್ಕಷ್ಟೇ. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಇಂಗ್ಲಿಷ್ ಅಂಕಿ ಮಾತ್ರ ಆರೋ ಒಂಬತ್ತೋ ತಿಳಿಯುತ್ತಿರಲಿಲ್ಲ. ತಾರೀಖು ಆಕೆಗೆ ಬೇಕಾಗಿಯೂ ಇರಲಿಲ್ಲ. ಹುಣ್ಣಿಮೆಯಿಂದ ಅಮಾವಾಸ್ಯೆ, ಅಮಾವಾಸ್ಯೆಯಿಂದ ಹುಣ್ಣಿಮೆ, ಇದೇ ಆಕೆಯ ದಾರಿ.

ಉದ್ಯೋಗ ಕಡಕ್ ರೊಟ್ಟಿ. ಬೆಳಗಿನ ಐದಕ್ಕೆ ಒಲೆ ಹಚ್ಚಿದರೆ ಹತ್ತರ ತನಕ ಬಡಿಯುವುದು, ಬೇಯಿಸುವುದು, ಬಟ್ಟೆಯ ಮೇಲೆ ಹರವುವುದು. ವಿಜಾಪುರ, ಸೊಲ್ಲಾಪುರ ಕಡೆಯ ಹುಡುಗರು ಉಣ್ಣುವ ಖಾನಾವಳಿಗೆ ಆ ರೊಟ್ಟಿ ಹೋಗುತ್ತಿದ್ದವು. ಗಂಡ ಸಿದ್ರಾಮಪ್ಪ ಭವಾನಿ ಪೇಠೆಯ ಕಾಳಿನ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು, ಎಂಬತ್ತೊಂಬತ್ತರ ಕಾರ್ತಿಕದಲ್ಲಿ ಹೋದರು. ಉಳಿದವನು ಒಬ್ಬ ಮಗ, ಮಾಂತು. ಅವನು ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ ರೇಣು ಭೋರ್‌ನವಳು, ಅಲ್ಲಿ ಆಕೆಯ ತವರಿನವರದು ಕಿರಾಣಿ ಅಂಗಡಿ.

ಆ ಎಣಿಕೆ ಶಿವಗಂಗವ್ವನಿಗೆ ಸುಮ್ಮನೆ ಬಂದದ್ದಲ್ಲ. ಮದುವೆಯಾದ ಎರಡನೇ ವರ್ಷ, ಇನ್ನೂ ಗಂಡನ ಊರು ಚಡಚಣದಲ್ಲಿದ್ದಾಗ, ಮೊದಲ ಹೆಣ್ಣು ಕೂಸು ಹುಟ್ಟಿತು. ಮುಖ ಚೆಂದ, ಅಳುವೂ ಚೆಂದ. ಹೊರಳಿಸಿ ನೋಡಿದರೆ ಸೊಂಟದ ಮೇಲೆ, ಬೆನ್ನಿನ ನಟ್ಟನಡುವೆ, ನೆಲ್ಲಿಕಾಯಿಯಷ್ಟು ಒಂದು ಗುಳ್ಳೆ. ತೆಳ್ಳನೆಯ ತೊಗಲು, ಒಳಗೆ ನೀರು. ಕಾಲು ಆಡಿಸಲಿಲ್ಲ. ಸೂಲಗಿತ್ತಿ ಕೇಳಿದಳು, "ಎಷ್ಟು ದಿನ ತುಂಬಿದ್ದುವು?" ಹದಿನೇಳು ವರ್ಷದ ಶಿವಗಂಗವ್ವನಿಗೆ ಹೇಳಲು ಬರಲಿಲ್ಲ. ಅತ್ತೆ ಎಲ್ಲರ ಮುಂದೆ ಅಂದಳು, "ದಿನಾ ಎಣಸಾಕ ಬರಲಾರದಾಕಿ ಕೂಸು ಏನ್ ಹಡೀತಾಳ." ಹನ್ನೊಂದು ದಿನ ಇತ್ತು ಕೂಸು. ದಿನ ಎಣಿಸುವುದಕ್ಕೂ ಬೆನ್ನಿನ ಗುಳ್ಳೆಗೂ ಏನು ಸಂಬಂಧ ಅಂತ ಯಾರೂ ಹೇಳಲಿಲ್ಲ. ಆಕೆಯೂ ಕೇಳಲಿಲ್ಲ. ಅವತ್ತಿನಿಂದ ಎಣಿಸತೊಡಗಿದಳು, ಅಷ್ಟೇ.

ರೇಣು ಬಂದು ಎರಡು ವರ್ಷ ಏನೂ ಆಗಿರಲಿಲ್ಲ. ಆ ಮನೆಯಲ್ಲಿ ಹೊರಗೆ ಕೂಡಿಸುವ ಪದ್ಧತಿ ಇರಲಿಲ್ಲ. ಆದರೆ ಸೊಸೆ ಹೊಟ್ಟೆನೋವು ಅಂತ ರೊಟ್ಟಿಗೆ ಕೂಡದ ದಿನ ಯಾವುದು ಅಂತ ಅತ್ತೆಗೆ ಗೊತ್ತಿರುತ್ತಿತ್ತು. ಎರಡು ಸಾವಿರದ ನಾಲ್ಕನೇ ಇಸ್ವಿ, ದಸರೆಗೆ ಎಂಟು ದಿನ ಇದ್ದಾಗ, ಲೆಕ್ಕ ತಪ್ಪಿದೆ ಅಂತ ಮೊದಲು ಹೇಳಿದವಳೂ ಶಿವಗಂಗವ್ವನೇ. ರೇಣುವನ್ನು ಕರೆದುಕೊಂಡು ಹೆರಿಗೆ ಆಸ್ಪತ್ರೆಗೆ ಹೋದಳು.

ಕೌಂಟರಿನಲ್ಲಿ ಮಧುಕರ ಎಂಬವನು ಕಾರ್ಡು ಬರೆಯುತ್ತಿದ್ದ. "ಶೇವಟಚೀ ಪಾಳೀ ಕಧೀ?" ಅಂತ ಕೇಳಿದ. ಕೊನೆಯ ಮುಟ್ಟು ಯಾವಾಗ ಅಂತ. ಕೇಳಿದ್ದು ರೇಣುವಿಗೆ. ಅವಳು ಬಾಯಿ ತೆರೆಯುವುದರೊಳಗೆ ಅತ್ತೆ ಉತ್ತರ ಕೊಟ್ಟಾಗಿತ್ತು, ಮರಾಠಿಯಲ್ಲೇ, "ಶ್ರಾವಣದ ಹುಣ್ಣಿಮೆ ಆಗಿ ಮೂರನೇ ದಿನ."

"ಆಜೀ, ಪಂಚಾಂಗ ಬೇಡ, ತಾರೀಖು ಹೇಳಿ."

"ತಾರೀಖು ಹುಡುಕೋದು ನಿನ್ನ ಕೆಲಸಪಾ. ಗೋಡೆಗೆ ಕ್ಯಾಲೆಂಡರ್ ಯಾಕೆ ತೂಗುಹಾಕಿದ್ದೀ, ಗಾಳಿ ಬೀಸಲಿಕ್ಕೆ?"

ಬೆಂಚಿನ ಮೇಲಿದ್ದ ಹೆಂಗಸರು ನಕ್ಕರು. ಮಧುಕರನೂ ನಕ್ಕು, ಹಾಳೆ ತಿರುವಿ, ತಾರೀಖಿನ ಒಂದು ಮನೆಯ ಮೇಲೆ ಬೆರಳಿಟ್ಟು, ಮೂರು ಎಣಿಸಿ, ಬರೆದುಕೊಂಡ. "ಪಕ್ಕಾ ನಾ, ಆಜೀ?"

"ಪಕ್ಕಾ."

ಕಾರ್ಡು ಮನೆಗೆ ಬಂದು ತಗಡಿನ ಪೆಟ್ಟಿಗೆ ಸೇರಿತು. ಕೀಲಿಕೈ ಶಿವಗಂಗವ್ವನ ಸೊಂಟದಲ್ಲಿ.

ಆಮೇಲೆ ಆಕೆ ತನ್ನ ಪದ್ಧತಿಯಲ್ಲಿ ತಿಂಗಳು ಎಣಿಸಿದಳು. ಶ್ರಾವಣ ಒಂದು, ಭಾದ್ರಪದ ಎರಡು, ಹೀಗೆ ಮಾರ್ಗಶಿರ ಹಿಡಿದಾಗ "ಐದರಾಗ ಬಿದ್ದದ" ಅಂದಳು. ಆಸ್ಪತ್ರೆಯವರೂ ಕಾರ್ಡು ನೋಡಿ ಐದನೇ ತಿಂಗಳು ಅಂದರು. ಎರಡೂ ಮಾತು ಕೂಡಿದವು. ನಡುವೆ ಒಮ್ಮೆ ಅಲ್ಲಿಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಸಣ್ಣದಿದೆಯಲ್ಲ ಅಂದಿದ್ದರು. "ನಮ್ಮ ಮನೀ ಹೆಣ್ಣಮಕ್ಕಳದು ಲಗೂ ಕಾಣಂಗಿಲ್ರಿ" ಅಂದು ಆಕೆ ಅದನ್ನೂ ದಾಟಿಸಿದ್ದಳು.

ಡಿಸೆಂಬರ್ ಹದಿನೈದು, ಬುಧವಾರ, ಸೋನೋಗ್ರಫಿ. ಸೆಂಟರಿನ ಬಾಗಿಲಲ್ಲೇ ದೊಡ್ಡ ಬೋರ್ಡು, ಗಂಡೋ ಹೆಣ್ಣೋ ಇಲ್ಲಿ ಹೇಳುವುದಿಲ್ಲ ಅಂತ. ಒಳಗೆ ಒಂದು ಫಾರ್ಮು, ಅದನ್ನು ನಾನು ಕೇಳುವುದಿಲ್ಲ ಅಂತ ರೇಣು ಸಹಿ ಮಾಡಬೇಕು.

"ನಾವು ಕೇಳೇ ಇಲ್ಲಲ್ಲ, ಸಹಿ ಯಾಕಂತ?"

"ಕೇಳಿಲ್ಲಂತನ ಸಹಿರೀ ಅತ್ತಿ. ಸುಮ್ ಕೂಡ್ರಿ."

ಕತ್ತಲೆ ಕೋಣೆಯಲ್ಲಿ ಡಾಕ್ಟರು ರೇಣುವಿನ ಹೊಟ್ಟೆಯ ಮೇಲೆ ಯಂತ್ರದ ಹಿಡಿ ಓಡಿಸುತ್ತ ಮೊದಲು ನರ್ಸಿನ ಜೊತೆ ಮಾತಾಡುತ್ತಿದ್ದರು. ಆಮೇಲೆ ಮಾತು ನಿಂತಿತು. ಕೂಸಿನ ತಲೆ ಇರುವ ಜಾಗಕ್ಕೇ ಹಿಡಿ ಮತ್ತೆ ಮತ್ತೆ ಬಂತು. ಗೆರೆ ಎಳೆದರು, ಅಳೆದರು, ಅಳಿಸಿದರು, ಮತ್ತೆ ಅಳೆದರು. ಶಿವಗಂಗವ್ವ ಅವರ ಮುಖವನ್ನೇ ನೋಡುತ್ತಿದ್ದಳು. ಆ ಮೌನ ಆಕೆಗೆ ಗೊತ್ತಿದ್ದದ್ದೇ. ಸೂಲಗಿತ್ತಿ ಕೂಸನ್ನು ಹೊರಳಿಸಿದಾಗ ಹೀಗೇ ಸುಮ್ಮನಾಗಿದ್ದಳು.

ಹೊರಗಿದ್ದ ಮಾಂತುವನ್ನು ಒಳಗೆ ಕರೆದು ಡಾಕ್ಟರು ಹೇಳಿದ್ದು ಇಷ್ಟು. ಕಾರ್ಡಿನ ಪ್ರಕಾರ ಹತ್ತೊಂಬತ್ತು ವಾರ ದಾಟಿವೆ. ತಲೆಯ ಅಳತೆ, ತೊಡೆ ಎಲುಬಿನ ಅಳತೆ ನಾಲ್ಕು ವಾರ ಹಿಂದೆ ಬಿದ್ದಿವೆ. ತಲೆಯ ಹಿಂಭಾಗದಲ್ಲಿ ಸಣ್ಣ ಮೆದುಳು ಅಂತ ಇರುತ್ತದೆ, ಎರಡು ಹೋಳು, ನಡುವೆ ಒಂದು ಪಟ್ಟಿ. ಆ ಪಟ್ಟಿ ಇಷ್ಟು ಹೊತ್ತಿಗೆ ಕೆಳಗಿನ ತನಕ ಇಳಿದು ಮುಚ್ಚಿರಬೇಕು. ಇಲ್ಲಿ ಸಂದು ಉಳಿದಿದೆ, ನೀರು ಕಾಣುತ್ತಿದೆ. ಬೆನ್ನು ಪೂರ್ತಿ ನೋಡಲು ಆಗಲಿಲ್ಲ, ಕೂಸು ಬೆನ್ನು ಒತ್ತಿಕೊಂಡು ಮಲಗಿದೆ.

"ತಾರೀಖು ತಪ್ಪಿದ್ದರೆ ಮಾತೇ ಬೇರೆ," ಅಂದು ಅವರು ಶಿವಗಂಗವ್ವನ ಕಡೆ ತಿರುಗಿದರು. "ಆಜೀ, ತಾರೀಖು ನಕ್ಕೀ, ಪಕ್ಕಾ?"

ನಿನ್ನ ಹೆಸರು ನಿಜವಾಗಿ ಇದೇನಾ ಅಂತ ಕೇಳಿದ ಹಾಗಾಯಿತು ಆಕೆಗೆ. "ಸಾಹೇಬ್ರ, ನಲವತ್ತು ವರ್ಷದಾಗ ನನ್ನ ಲೆಕ್ಕ ಒಂದು ದಿನ ತಪ್ಪಿಲ್ಲ." ಕನ್ನಡದಲ್ಲೇ ಅಂದಳು. ಮಾಂತು ಮರಾಠಿಗೆ ತಿರುಗಿಸಿದ.

"ಹಾಗಾದರೆ ಕೂಸು ಸರಿಯಾಗಿ ಬೆಳೆಯುತ್ತಿಲ್ಲ," ಅಂದರು ಡಾಕ್ಟರು. ಇಪ್ಪತ್ತು ವಾರ ದಾಟಿದರೆ ಗರ್ಭ ತೆಗೆಯಲು ಕಾಯ್ದೆ ಬಿಡುವುದಿಲ್ಲ, ಆ ಇಪ್ಪತ್ತು ವಾರ ಬರುವ ಸೋಮವಾರಕ್ಕೆ ತುಂಬುತ್ತವೆ. ಊರೊಳಗೆ ಮೆದುಳು ಬೆನ್ನು ನೋಡುವುದರಲ್ಲೇ ಪಳಗಿದ ಒಬ್ಬ ಡಾಕ್ಟರು ಇದ್ದಾರೆ, ಶನಿವಾರ ಅವರಿಗೆ ತೋರಿಸಿ, ಆಮೇಲೆ ನೀವು ನೀವು ವಿಚಾರ ಮಾಡಿ. ಚೀಟಿ ಬರೆದುಕೊಟ್ಟರು.



ಗುರುವಾರ ರೊಟ್ಟಿ ಒಂದೂ ನೆಟ್ಟಗಾಗಲಿಲ್ಲ. ಅಂಚು ದಪ್ಪ, ನಡುವೆ ಹರಕು. ಶಿವಗಂಗವ್ವ ಒಲೆಯ ಮುಂದಿನಿಂದ ಎದ್ದು ನಳಕ್ಕೆ ಹೋಗುವಳು, ಕೊಡ ತುಂಬಿದ್ದು ನೋಡಿ ತಿರುಗಿ ಬರುವಳು, ಮತ್ತೆ ಹೋಗುವಳು. ಬೆನ್ನು ಕಾಣಲಿಲ್ಲ ಅಂದರಲ್ಲ, ಆ ಮಾತೇ ತಲೆಯಲ್ಲಿ. ಮೆದುಳಿನ ಮಾತು ಆಕೆಗೆ ಅರ್ಧ ತಿಳಿದಿತ್ತು. ಬೆನ್ನಿನದು ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ಮಾಂತು ಕೆಲಸಕ್ಕೆ ಹೋದವನು ಮಧ್ಯಾಹ್ನಕ್ಕೇ ಬಂದ. ಸ್ಕೂಟರು ನಿಲ್ಲಿಸಿದ, ಮತ್ತೆ ಹತ್ತಿ ಹೋದ, ಅರ್ಧ ತಾಸಿಗೆ ಮತ್ತೆ ಬಂದ. "ಶನಿವಾರ ಆ ಡಾಕ್ಟರೂ ಇದನ್ನ ಅಂದ್ರ ಸೋಮವಾರ ತಗಿಸಿಬಿಡೂಣು," ಅಂದ, ಗೋಡೆಗೆ ಹೇಳಿದಂತೆ.

"ತಗಸೂದು ಅಂದ್ರ ಹಲ್ಲು ಏನ್ರಿ?" ಅಂದಳು ರೇಣು.

"ಮತ್ತೇನ್ ಮಾಡೂದು, ನೀ ಹೇಳು."

"ನನಗ ಕೇಳಾಕತ್ತೀರಿ? ಇವತ್ತ ಹೊಸದಾಗಿ?"

ಇಬ್ಬರೂ ಶಿವಗಂಗವ್ವನ ಕಡೆ ನೋಡಿದರು. ಇಟ್ಟುಕೊಳ್ಳಿರಿ ಅನ್ನಲು ಆಕೆಗೆ ಹನ್ನೊಂದು ದಿನದ ಆ ಕೂಸು ಅಡ್ಡ ಬಂತು. ತೆಗೆಸಿರಿ ಅನ್ನಲೂ ಅದೇ ಅಡ್ಡ ಬಂತು. ಎದ್ದು ನಳಕ್ಕೆ ಹೋದಳು.

ಶುಕ್ರವಾರ ಮಧ್ಯಾಹ್ನ ಪಕ್ಕದ ಮನೆಯ ಶೀತಲ್ ರೊಟ್ಟಿ ಕೇಳಲು ಬಂದಳು. ಮರಾಠಿ ಹುಡುಗಿ, ಮದುವೆಯಾಗಿ ವರ್ಷವಾಗಿತ್ತು, ಶಿವಗಂಗವ್ವನ ಜೊತೆ ಆಕೆಯದು ಯಾವಾಗಲೂ ಚೇಷ್ಟೆ. ಅವತ್ತು ಮುಖ ನೋಡಿ ಚೇಷ್ಟೆ ಬಿಟ್ಟು ಕೂತಳು. ಶಿವಗಂಗವ್ವ ಎಲ್ಲ ಹೇಳಿದಳು, ಯಾರಿಗಾದರೂ ಹೇಳದೆ ಇರಲಾಗದ ಹಾಗೆ ಆಗಿತ್ತು.

"ಯಾವ ತಾರೀಖು ಬರೆದಿದ್ದಾರೆ ಆಜೀ?"

"ತಾರೀಖು ನನಗೇನು ಗೊತ್ತು. ನಾ ಹೇಳಿದ್ದು ಶ್ರಾವಣದ ಹುಣ್ಣಿಮೆ ಆಗಿ ಮೂರನೇ ದಿನ."

"ಯಾವ ಶ್ರಾವಣ?"

"ಶ್ರಾವಣ ಅಂದರೆ ಶ್ರಾವಣ. ಎಷ್ಟಿರ್ತವ?"

"ಈ ವರ್ಷ ಎರಡಿದ್ದವಲ್ಲ, ಆಜೀ! ಮೊದಲು ಧೋಂಡ್ಯಾಚಾ ಮಹಿನಾ ಬರಲಿಲ್ಲವಾ? ನಮ್ಮ ಮನೆಯವರು ಅಳಿಯರಾಯರಾಗಿ ನನ್ನ ತವರಿನಲ್ಲಿ ಹೋಳಿಗೆ ಉಂಡು ಎರಡು ದಿನ ಮೇಲೆ ಏಳಲಿಲ್ಲ, ನೀವೇ ನಕ್ಕಿದ್ದಿರಿ."

ಶಿವಗಂಗವ್ವನ ಕೈ ಮೊರದ ಮೇಲೆ ನಿಂತಿತು.

ಆ ವರ್ಷ ಶ್ರಾವಣಕ್ಕೆ ಅಧಿಕ ಮಾಸ ಬಂದಿತ್ತು. ಮೊದಲು ಅಧಿಕ ಶ್ರಾವಣ, ಅದು ಮುಗಿದ ಮೇಲೆ ನಿಜ ಶ್ರಾವಣ. ಅಧಿಕದಲ್ಲಿ ಮರಾಠಿಯವರು ಅಳಿಯನನ್ನು ಕರೆದು ಉಣಿಸುತ್ತಾರೆ, ಅದಕ್ಕೆ ಧೋಂಡ್ಯಾಚಾ ಮಹಿನಾ ಅನ್ನುತ್ತಾರೆ. ಶಿವಗಂಗವ್ವನ ಎಣಿಕೆಯಲ್ಲಿ ಅದು ತಿಂಗಳೇ ಅಲ್ಲ. ಹಬ್ಬ ಇಲ್ಲ, ಶ್ರಾವಣ ಸೋಮವಾರದ ಉಪವಾಸ ಇಲ್ಲ, ಹೆಸರಿಗೊಂದು ಬಂದು ಹೋಗುವುದು. ಆಕೆಯ ಮನಸ್ಸಿನಲ್ಲಿ ಇದ್ದದ್ದು ನೂಲ ಹುಣ್ಣಿಮೆ. ಅದಕ್ಕೆ ಮರಾಠಿಯವರ ಹೆಸರು ನಾರಳೀ ಪೌರ್ಣಿಮಾ, ರಾಖಿ ಕಟ್ಟುವ ದಿನ. ಕೌಂಟರಿನ ಮುಂದೆ ಆ ಹೆಸರು ಬಾಯಿಗೆ ಬರಲಿಲ್ಲ. ಶ್ರಾವಣದ ಹುಣ್ಣಿಮೆ ಅಂದುಬಿಟ್ಟಿದ್ದಳು. ಮಧುಕರ ಹಾಳೆ ತಿರುವುವಾಗ ಮೊದಲು ಸಿಕ್ಕ ಶ್ರಾವಣದ ಮೇಲೆ ಬೆರಳಿಟ್ಟಿದ್ದ.

ಸೊಂಟದಿಂದ ಕೀಲಿಕೈ ತೆಗೆದಳು. ಪೆಟ್ಟಿಗೆ ತೆರೆದು ಕಾರ್ಡು ಹೊರಗಿಟ್ಟಳು. ಶೀತಲ್ ಕಾರ್ಡು ಓದಿದಳು. ಆಗಸ್ಟ್ ಎರಡು. ಗೋಡೆಯ ಕ್ಯಾಲೆಂಡರ್ ಹಿಂದಕ್ಕೆ ತಿರುವಿದಳು. ಆಗಸ್ಟ್ ಎರಡು ಅಧಿಕದಲ್ಲಿ ಬರುತ್ತದೆ. ನಾರಳೀ ಪೌರ್ಣಿಮಾ ಆಗಸ್ಟ್ ಮೂವತ್ತು. ಅದರ ಮೂರನೇ ದಿನ ಸೆಪ್ಟೆಂಬರ್ ಒಂದು, ಬುಧವಾರ.

ಮೂವತ್ತು ದಿನ. ಡಾಕ್ಟರು ಹೇಳಿದ್ದ ಆ ನಾಲ್ಕು ವಾರ.

ಖುಷಿ ಆಗಬೇಕಾಗಿತ್ತು. ಆಗಲಿಲ್ಲ. ಒಮ್ಮೆ ಹೀಗೆ ಜಾರಿದ್ದು ಇನ್ನೆಲ್ಲಿ ಜಾರಿದೆಯೋ ಅಂತ ಆಕೆಗೆ ತನ್ನ ನೆನಪಿನ ಮೇಲೆಯೇ ಗುಮಾನಿ ಬಂತು. ಮೂರನೇ ದಿನ ಹೌದೋ, ಐದನೆಯದೋ? ಒಳಗಿನ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಎರಡು ವರ್ಷದಲ್ಲಿ ಮೊದಲ ಸಲ ಸೊಸೆಯನ್ನು ಕೇಳಿದಳು, "ರೇಣು, ಯಾವಾಗ ಮುಟ್ಟಾಗಿದ್ದಿ ನೀ?"

ರೇಣು ಮಲಗಿದ್ದವಳು ಎದ್ದು ಕೂತಳು. "ಬುಧವಾರರೀ. ನಮ್ಮ ಗುರಣ್ಣ ರಾಖಿ ಕಟ್ಟಿಸ್ಕೊಳ್ಳಾಕ ಭೋರ್‌ನಿಂದ ಬಂದಿದ್ದಿಲ್ಲೇನು? ಬುಧವಾರ ಅವನ್ನ ಬಸ್ಸಿಗೆ ಬಿಡಾಕ ಹೋದಾಗ ಹಾದ್ಯಾಗನ ಆತು. ಅಣ್ಣನ ಮುಂದ ನಾಚಿಕಿ ಬಂದು ಸತ್ತಂಗಾಗಿತ್ತು, ಮರೀತೀನಿ?"

"ಮತ್ತ ಕಾರ್ಡಿನ್ಯಾಗ ಅಧಿಕದ ತಾರೀಖು ಅದಲ್ಲ! ಯಾಕ ಹೇಳಲಿಲ್ಲ?"

"ಕಾರ್ಡು ಯಾರ್ ತೋರಿಸ್ಯಾರ ನನಗ? ಪೆಟಿಗಿಯೊಳಗ, ಕೀಲಿಯೊಳಗ. ಆಸ್ಪತ್ರ್ಯಾಗೂ ನೀವ ಹಿಡಕೊಂಡು ಕೂಡ್ತೀರಿ. ಅವರ ವಾರ, ನಿಮ್ಮ ತಿಂಗಳು, ನನಗ್ಯಾರ್ ಬಿಡಿಸಿ ಹೇಳ್ಯಾರ?" ರೇಣುವಿನ ದನಿ ಏರಿತು. "ಹೊಟ್ಟಿ ನಂದು, ಲೆಕ್ಕ ನಿಮ್ದು!"

ಶಿವಗಂಗವ್ವ ಕಾರ್ಡನ್ನು ಸೊಸೆಯ ಹಾಸಿಗೆಯ ಮೇಲಿಟ್ಟು ಹೊರಗೆ ಬಂದಳು.

ಸಂಜೆ ಮಾಂತು ನಂಬಲಿಲ್ಲ. "ಅಲ್ಲಬೇ, ಬುಧವಾರ ಡಾಕ್ಟರ್ ಕೇಳಿದಾಗ ನಲವತ್ತು ವರ್ಷದ್ದು ಹೇಳಿದಿ. ಈಗ ಒಂದು ತಿಂಗಳಾ ತಪ್ಪೇತಿ ಅಂತೀ. ಕೂಸು ಉಳೀಲಿ ಅಂತ ತಾರೀಖು ತಿರುವಾಕತ್ತೀ ನೀ."

"ನಾ ಯಾಕ ತಿರುವಲಿ?"

"ಇವಳೂ ನೀನೂ ಕೂಡೀರಿ."

"ನಾನೂ ಇವರೂ ಕೂಡೀವಂತ!" ರೇಣು ಒಳಗಿನಿಂದಲೇ ಅಂದಳು. "ಓಣಿಗೆಲ್ಲ ಪೇಢೆ ಹಂಚ್ರಿ ಹಂಗಾರ."

ಮಾಂತುವಿಗೆ ನಗು ಬಂದಂತಾಗಿ ಬರಲಿಲ್ಲ. ಮತ್ತೆ ಸ್ಕೂಟರು ಹತ್ತಿ ಹೋದ.

ಶನಿವಾರ ಊರೊಳಗಿನ ಆ ಡಾಕ್ಟರು ಹೆಂಗಸು, ಪ್ರಫುಲ್ಲಾ ಅಂತ. ಕುಂದಾಪುರದ ಕಡೆಯ ಹೋಟೆಲಿನವರ ಮಗಳು. ಇವರು ತಮ್ಮತಮ್ಮಲ್ಲಿ ಗುಸುಗುಸು ಜಗಳಾಡುವುದು ಕೇಳಿ ಕನ್ನಡದಲ್ಲೇ ಮಾತಾಡಿಸಿದರು. ಅಷ್ಟು ಸಾಕಾಯಿತು, ಶಿವಗಂಗವ್ವ ಶುರು ಮಾಡಿದಳು, "ತಪ್ಪು ನಂದರೀ, ತಾರೀಖು..."

ಡಾಕ್ಟರು ಕೈ ಅಡ್ಡ ಹಿಡಿದರು. "ಅಮ್ಮಾ, ಈಗ ನೀವು ಯಾವ ತಾರೀಖೂ ಹೇಳಬೇಡಿ. ಕಾರ್ಡೂ ಬೇಡ. ಮೊದಲು ನಾನು ಅಳೀತೇನೆ. ಆಮೇಲೆ ಹೇಳಿ."

ಮುಕ್ಕಾಲು ತಾಸು ನೋಡಿದರು. ತಲೆಯ ಅಗಲ, ತಲೆಯ ಸುತ್ತು, ಹೊಟ್ಟೆಯ ಸುತ್ತು, ತೊಡೆಯ ಎಲುಬು, ಸಣ್ಣ ಮೆದುಳಿನ ಅಗಲ. ರೇಣುವನ್ನು ಎಡಕ್ಕೆ ಹೊರಳಿಸಿದರು, ಬಲಕ್ಕೆ ಹೊರಳಿಸಿದರು, ಎಬ್ಬಿಸಿ ನಡೆದಾಡಿ ಬಾ ಅಂದರು. ಕೂಸು ಮಗ್ಗಲು ಬದಲಿಸಿದ ಮೇಲೆ ಬೆನ್ನು ನೋಡಿದರು. ಶಿವಗಂಗವ್ವ ಗೋಡೆ ಹಿಡಿದು ನಿಂತಿದ್ದಳು, ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ಹದಿನೈದು ವಾರ ಆಗಿದೆ. ನಾಲ್ಕೈದು ದಿನ ಹೆಚ್ಚು ಕಡಿಮೆ ಇರ್ಬಹುದು," ಅಂದರು ಕೊನೆಗೆ. "ಈಗ ಹೇಳಿ. ಯಾವಾಗ ಆದದ್ದು?"

ಶಿವಗಂಗವ್ವ ಬಾಯಿ ತೆರೆದವಳು ಮುಚ್ಚಿದಳು. ರೇಣು ಹೇಳಿದಳು, "ಸಪ್ಟೆಂಬರ್ ಒಂದರೀ."

"ಹದಿನೈದು ವಾರ ಮೂರು ದಿನ. ಎಲ್ಲ ಅಳತೆಯೂ ಒಂದೇ ಮಾತು ಹೇಳ್ತಾ ಇವೆ. ಬೆಳವಣಿಗೆ ಸರಿಯಾಗೇ ಇದೆ."

ಮಾಂತು ಬೆರಳಿನ ಮೇಲೆ ಎಣಿಸುತ್ತಿದ್ದವನು ಕೈ ಕೆಳಗೆ ಬಿಟ್ಟ. ಅವ್ವನ ಮುಖ ನೋಡಲಿಲ್ಲ.

"ಹಂಗಾರ ಏನೂ ಇಲ್ಲೇನ್ರಿ?" ಅಂದಳು ಶಿವಗಂಗವ್ವ.

"ಹಾಗೆ ಹೇಳಿಲ್ಲ ನಾನು, ಅಮ್ಮಾ." ಡಾಕ್ಟರು ನಿಧಾನಕ್ಕೆ ಬಿಡಿಸಿ ಹೇಳಿದರು. ಹದಿನೈದು ವಾರಕ್ಕೆ ಆ ಸಂದು ಎಷ್ಟೋ ಕೂಸುಗಳಿಗೆ ತೆರೆದೇ ಇರುತ್ತದೆ, ಹದಿನೆಂಟು ಇಪ್ಪತ್ತರ ಹೊತ್ತಿಗೆ ಮುಚ್ಚುತ್ತದೆ. ಮುಚ್ಚದೆಯೂ ಇರಬಹುದು. ಇವತ್ತು ರೋಗ ಇದೆ ಅನ್ನಲಿಕ್ಕೂ ಬರುವುದಿಲ್ಲ, ಇಲ್ಲ ಅನ್ನಲಿಕ್ಕೂ ಬರುವುದಿಲ್ಲ. ಬೆನ್ನು ಕಂಡಷ್ಟು ಸರಿ ಇದೆ, ಕೆಳತುದಿ ಇನ್ನೂ ಸಣ್ಣದು, ದೊಡ್ಡದಾದ ಮೇಲೆ ಮತ್ತೆ ನೋಡಬೇಕು. ಜನವರಿ ಹದಿನೈದಕ್ಕೆ ಬನ್ನಿ. ಆಗಲೂ ಕಾಯ್ದೆಯ ಇಪ್ಪತ್ತು ವಾರಕ್ಕೆ ನಾಲ್ಕು ದಿನ ಉಳಿದಿರುತ್ತವೆ.

ಅಂದರೆ ಸೋಮವಾರದ ಗಡುವು ಹೋಯಿತು, ಇನ್ನೊಂದು ಗಡುವು ಬಂತು.

ಆ ನಾಲ್ಕು ವಾರ ಶಿವಗಂಗವ್ವ ಒಂದು ಕಡೆ ಕೂತವಳಲ್ಲ. ಒಣಗಿದ ರೊಟ್ಟಿಯನ್ನೇ ಮತ್ತೆ ಹರವುವಳು, ಹರವಿದ್ದನ್ನು ಮತ್ತೆ ಕಟ್ಟುವಳು. ಓಣಿಯ ಯಾರೋ ಬಂದು ತಮ್ಮ ಮೊಮ್ಮಗನ ಹುಟ್ಟಿದ ದಿನ ಕೇಳಿದರೆ, "ಕ್ಯಾಲೆಂಡರ್ ನೋಡ್ಕೊಳ್ರಿ" ಅಂದು ಒಳಗೆ ಹೋದಳು. ಜನಕ್ಕೆ ಆಶ್ಚರ್ಯವಾಯಿತು. ಸಂಕ್ರಾಂತಿಗೆ ಎಳ್ಳು ಹುರಿಯುವಾಗ ರೇಣು ತಾನಾಗಿ ಬಂದು ಪಕ್ಕದಲ್ಲಿ ಕೂತು, "ಇವತ್ತಿಗೆ ಹತ್ತೊಂಬತ್ತು ವಾರ ಎರಡು ದಿನರೀ ಅತ್ತಿ" ಅಂದಳು. "ಹೌದೇನು," ಅಂದಳು ಶಿವಗಂಗವ್ವ. ಎಳ್ಳು ಸೀದು ಹೋಗಿತ್ತು.

ಮರುದಿನ ಶನಿವಾರ, ಅದೇ ಕೋಣೆ. ಡಾಕ್ಟರ್ ಪ್ರಫುಲ್ಲಾ ಕೂಸಿನ ತಲೆಯ ಹಿಂಭಾಗದ ಮೇಲೇ ಯಂತ್ರದ ಹಿಡಿಯನ್ನು ಬಹಳ ಹೊತ್ತು ಇಟ್ಟರು. ಮಾಂತು ಬಾಗಿಲಿಗೆ ಒರಗಿದ್ದ. ಶಿವಗಂಗವ್ವ ಮತ್ತೆ ಡಾಕ್ಟರ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ.

"ಮುಚ್ಚಿದೆ," ಅಂದರು ಡಾಕ್ಟರು. "ನೋಡಿ, ಇಲ್ಲಿ. ಎರಡು ಹೋಳು, ನಡುವೆ ಪಟ್ಟಿ ಪೂರ್ತಿ ಕೆಳಗೆ ಇಳಿದಿದೆ."

ಮಾಂತು ಬಾಗಿಲಲ್ಲೇ ಕುಕ್ಕರಿಸಿ ಕೂತ.

"ಬೆನ್ನು?" ಅಂದಳು ಶಿವಗಂಗವ್ವ.

ಡಾಕ್ಟರು ಪರದೆಯನ್ನು ಆಕೆಯ ಕಡೆ ತಿರುಗಿಸಿದರು. ಕತ್ತಿನಿಂದ ಬಿಳಿ ಚುಕ್ಕೆಗಳ ಎರಡು ಸಾಲು ಇಳಿದು ಬಂದು, ಕೆಳಗೆ ಸಣ್ಣಗಾಗುತ್ತ ಒಂದಕ್ಕೊಂದು ಕೂಡಿಕೊಂಡಿದ್ದವು. ಅವುಗಳ ಹೊರಗೆ ಒಂದು ತೆಳು ಗೆರೆ, ಉದ್ದಕ್ಕೂ, ಎಲ್ಲೂ ಉಬ್ಬಿರಲಿಲ್ಲ. "ಇದು ತೊಗಲು," ಅಂದರು.

"ಕೆಳಗ ಕಡೀತನಕ ಅದ ಏನ್ರಿ?"

"ಕಡೆತನಕ ಇದೆ."

"ಇನ್ನೊಮ್ಮೆ ತೋರಸ್ರಿ ಅವ್ವಾ. ಸೊಂಟದ ಹಂತೇಲಿ."

ತೋರಿಸಿದರು. ಆಕೆ ಇನ್ನೊಮ್ಮೆ ಅಂದಳು. ಮತ್ತೆ ತೋರಿಸಿದರು. ಶಿವಗಂಗವ್ವ ಪರದೆಯ ಹತ್ತಿರ ಬಗ್ಗಿ, ಮುಟ್ಟದೆ, ಬೆರಳನ್ನು ಗಾಳಿಯಲ್ಲೇ ಆ ಗೆರೆಯ ಉದ್ದಕ್ಕೂ ಒಯ್ದಳು.

"ಅತ್ತಿ, ಸಾಕ್ರಿ," ಅಂದಳು ರೇಣು ಮಲಗಿದಲ್ಲಿಂದ. "ಇವರು ಹೊಟ್ಟಿಗೆ ಹಚ್ಚಿದ್ದು ಭಾಳ ತಣ್ಣಗದ. ಕೂಸಿಗೂ ಥಂಡಿ ಹತ್ತೀತು."

"ಒಂದ ನಿಮಿಷ ತಡಿಯವ್ವಾ," ಅಂದಳು ಶಿವಗಂಗವ್ವ, ಬೆರಳು ತೆಗೆಯದೆ. "ಇನ್ನೂ ಕಡೀತನಕ ಬಂದಿಲ್ಲ ನಾ."